ತೆನೆಯನ್ನು ಬಿಡದ ಕಾಳು

ಪಂಪನ ಭಾರತವನ್ನು ಪಾಠ ಹೇಳುವ ಅಧ್ಯಾಪಕನು ‘ಜೋಳದ ಪಾಳಿ’ ಎಂಬ ಮಾತು ಬಂದೆಡೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕಾಗುತ್ತದೆ. ಉಂಡ ಜೋಳಕ್ಕೆ ಪ್ರತಿಯಾಗಿ ಒಡೆಯನ ಪಕ್ಷದಲ್ಲಿ ನಿಂತು ಪ್ರಾಣವನ್ನೊಪ್ಪಿಸುವ ವೀರನ ಧರ್ಮ ಅದು. ಶಾಸನಗಳಲ್ಲಿ ವೇಳೆವಾಳಿ, ಲೆಂಕವಾಳಿಗಳ ಜೊತೆಯಲ್ಲಿ ಜೋಳವಾಳಿಯ ಹೆಸರೂ ಬರುತ್ತದೆ, ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಇದನ್ನು ಚರ್ಚಿಸಿದ್ದಾರೆ. ಇಷ್ಟನ್ನು ಹೇಳಿ ಮುಂದಿನ ಪದ್ಯಕ್ಕೆ ಸಾಗುವುದು ನನ್ನ ವಾಡಿಕೆ. ಒಂದು ಸಲ ಹಾಗಾಗಲಿಲ್ಲ. ಕೂಡ್ಲಿಗಿಯ ಕಡೆಯಿಂದ ದಿನವೂ ಕೊಟ್ಟೂರಿಗೆ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಜೋಳದ ಋಣ ಮನುಷ್ಯನ ಮೇಲೈತಿ ಅಂದ್ರಿ. ಮನುಷ್ಯನ ಋಣ ಜೋಳದ ಮೇಲೆ ಇಲ್ಲೇನು?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆ. ಉತ್ತರ ಹೊಳೆಯದಿದ್ದಾಗ ನಗುವುದು ಅಧ್ಯಾಪಕರ ಹಳೆಯ ಉಪಾಯ.

ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ಪೀಡಿಸಿ, ಅವರು ಕೊಟ್ಟುದನ್ನು ಓದಿ, ತಿಳಿಯದೆಡೆಯಲ್ಲಿ ಮತ್ತೆ ಅವರನ್ನೇ ಪೀಡಿಸಿ, ಕೆಲವು ತಿಂಗಳುಗಳಲ್ಲಿ ನಾನು ಮನಗಂಡ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ವಿಜ್ಞಾನವನ್ನು ಬಲ್ಲವರು ನನ್ನ ಉಪಮೆಗಳನ್ನು ಕ್ಷಮಿಸಬೇಕು.

ಮಳೆಗಾಲ ಹಿಂದಾಗುವ ಹೊತ್ತಿಗೆ ನಮ್ಮ ಹೊಲದ ಬದುಗಳಲ್ಲಿ ಬೆಳೆದು ನಿಂತ ಯಾವುದಾದರೊಂದು ಕಾಡುಹುಲ್ಲಿನ ತೆನೆಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಸವರಿ ನೋಡಿರಿ. ಬಲಿತ ಕಾಳುಗಳು ಮುಟ್ಟಿದೊಡನೆ ಉದುರಿಹೋಗುತ್ತವೆ. ಗಾಳಿ ಬೀಸಿದರೂ ಸಾಕು, ದನ ಒರಸಿಕೊಂಡು ಹೋದರೂ ಸಾಕು. ಹುಲ್ಲಿಗೆ ಅದೇ ಬೇಕಾಗಿರುವುದು. ಕಾಳು ತೆನೆಯಲ್ಲಿಯೇ ಕುಳಿತರೆ ವಂಶ ಬೆಳೆಯುವುದೆಂತು? ಅದು ನೆಲಕ್ಕೆ ಬೀಳಬೇಕು, ಚೆದುರಬೇಕು, ಕೆಲವು ಈ ಮಳೆಗೆ ಮೊಳೆತರೆ ಕೆಲವು ಮುಂದಿನ ವರ್ಷದ ಮಳೆಗೆ ಕಾದಿರಬೇಕು. ಇದಕ್ಕಾಗಿ ಪ್ರಕೃತಿ ಪ್ರತಿ ಕಾಳಿನ ಬುಡದಲ್ಲಿಯೂ ಒಂದು ತೆಳುವಾದ ಪದರವನ್ನು ಏರ್ಪಡಿಸಿದೆ. ಕಾಳು ಬಲಿತಂತೆ ಆ ಪದರದ ಕಣಗಳು ಒಂದನ್ನೊಂದು ಬಿಟ್ಟುಕೊಡುತ್ತವೆ. ಎಲೆ ಹಣ್ಣಾಗಿ ಕೊಂಬೆಯಿಂದ ಕಳಚುವ ಹಾಗೆ ಕಾಳು ತೊಟ್ಟಿನಿಂದ ಕಳಚುತ್ತದೆ.

ಈಗ ಜೋಳದ ತೆನೆಯನ್ನು ನೋಡಿರಿ. ಬಿಸಿಲಲ್ಲಿ ಒಣಗಿದರೂ ಅದು ಕಾಳನ್ನು ಬಿಡದು. ಬುಡಸಹಿತ ಕಿತ್ತು, ತೆನೆ ಮುರಿದು, ಕಣಕ್ಕೆ ಹೊತ್ತು ತಂದು, ಮೇಟಿಯ ಸುತ್ತ ಎತ್ತುಗಳನ್ನು ಕಟ್ಟಿ ತುಳಿಸಿದ ಮೇಲೆಯೇ ಕಾಳು ಬೇರೆಯಾಗುವುದು. ಹಂತಿ ಹೊಡೆಯುವ ಆ ರಾತ್ರಿಗಳನ್ನು, ನಿದ್ದೆ ಕಳೆಯಲೆಂದು ಹಾಡುತ್ತಿದ್ದ ಹಂತಿಪದಗಳನ್ನು ನನ್ನ ಓರಗೆಯ ಕೆಲವರಾದರೂ ಚಿಕ್ಕಂದಿನಲ್ಲಿ ಕೇಳಿದ್ದಾರೆ. ಜಾನಪದವನ್ನು ಪಾಠ ಹೇಳುವಾಗ ಹಂತಿಪದಗಳ ಲಯ, ಪಲ್ಲವಿ, ಕಥಾವಸ್ತು ಎಂದು ನಾವು ವಿಭಾಗಿಸುತ್ತೇವೆ. ಆ ಹಾಡು ಇರುವುದಕ್ಕೆ ಮೂಲ ಕಾರಣ ಕಾಳು ತಾನಾಗಿ ಉದುರದೆ ಇರುವುದು ಎಂಬುದನ್ನು ನಾನಂತೂ ಎಂದೂ ಯೋಚಿಸಿರಲಿಲ್ಲ. ಉದುರುವ ಕಾಳಿಗೆ ಕಣವೇಕೆ, ಮೇಟಿಯೇಕೆ, ರಾಶಿಪೂಜೆಯೇಕೆ? ಹುಲ್ಲಿನ ದೃಷ್ಟಿಯಿಂದ ನೋಡಿದರೆ ಉದುರದಿರುವುದು ಒಂದು ಅಂಗವೈಕಲ್ಯ. ನಮ್ಮ ಒಕ್ಕಲುತನವೆಲ್ಲ ಆ ವೈಕಲ್ಯದ ಮೇಲೆ ನಿಂತಿದೆ.

ಈ ವೈಕಲ್ಯ ಎಲ್ಲಿದೆಯೆಂಬುದನ್ನು ವಿಜ್ಞಾನಿಗಳು ಬೆರಳಿಟ್ಟು ತೋರಿಸಿದ್ದಾರೆ. ಪ್ರತಿಯೊಂದು ಜೀವಿಯ ಕಣದೊಳಗೂ ಅದರ ಮೈಕಟ್ಟು, ಗುಣಸ್ವಭಾವಗಳ ಆದೇಶಗಳು ನಾಲ್ಕೇ ಅಕ್ಷರಗಳ ಒಂದು ಲಿಪಿಯಲ್ಲಿ ಬರೆದಿವೆ. ಒಂದೊಂದು ಆದೇಶಕ್ಕೆ ವಂಶವಾಹಿ ಎಂದು ಹೆಸರು. ಕಾಳಿನ ಬುಡದ ಪದರಕ್ಕೆ ಸಂಬಂಧಿಸಿದ ಜೋಳದ ವಂಶವಾಹಿಯೊಂದನ್ನು ಗುರುತಿಸಿದ ಸಂಶೋಧನೆ 2012ರಲ್ಲಿ ‘ನೇಚರ್ ಜೆನೆಟಿಕ್ಸ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೆ ‘ಶ್ಯಾಟರಿಂಗ್-1’, ಎಂದರೆ ಉದುರಿಕೆಯ ಮೊದಲನೆಯ ವಂಶವಾಹಿ ಎಂದು ಹೆಸರಿಟ್ಟಿದ್ದಾರೆ. ಕಾಡುಜೋಳದಲ್ಲಿ ಇದು ಸರಿಯಾಗಿದೆ. ಒಕ್ಕಲಿನ ಜೋಳದಲ್ಲಿ ಕೆಟ್ಟಿದೆ. ವಿಶೇಷವೆಂದರೆ, ಎಲ್ಲ ಜೋಳಗಳಲ್ಲಿಯೂ ಒಂದೇ ಬಗೆಯಲ್ಲಿ ಕೆಟ್ಟಿಲ್ಲ. ಮೂರು ಬೇರೆ ಬೇರೆ ಬಗೆಗಳಲ್ಲಿ ಕೆಟ್ಟಿದೆ.

ಇದನ್ನು ಓದಿದಾಗ ನನಗೆ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ನೆನಪಾಯಿತು. ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಕುಳಿತ ಸಂಪಾದಕನು ಮೊದಲು ಹುಡುಕುವುದು ಸರಿಯಾದ ಪಾಠವನ್ನಲ್ಲ, ತಪ್ಪನ್ನು. ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಏನೂ ತಿಳಿಯದು. ತಪ್ಪು ಒಂದೇ ಆಗಿದ್ದರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದು ಬಂದಿರಬೇಕೆಂದು ಊಹಿಸಬಹುದು. ಒಂದೇ ಸ್ಥಳದಲ್ಲಿ ಬೇರೆ ಬೇರೆ ತಪ್ಪುಗಳಿದ್ದರೆ ಲಿಪಿಕಾರರು ಬೇರೆ ಬೇರೆ. ವಿಜ್ಞಾನಿಗಳು ಜೋಳದಲ್ಲಿ ಮಾಡಿರುವುದು ಅಕ್ಷರಶಃ ಇದೇ ಕೆಲಸ. ಒಂದು ಗುಂಪಿನ ಜೋಳದಲ್ಲಿ ಆ ಆದೇಶದ ನಡುವಿನ ಎರಡು ಸಾವಿರಕ್ಕೂ ಹೆಚ್ಚು ಅಕ್ಷರಗಳು ಬಿದ್ದುಹೋಗಿವೆ. ಓಲೆಯ ನಡುಭಾಗವನ್ನು ಗೆದ್ದಲು ತಿಂದಂತೆ. ಇನ್ನೊಂದರಲ್ಲಿ ಕೆಟ್ಟಿರುವುದು ಒಂದೇ ಒಂದು ಅಕ್ಷರ. ಆದರೆ ಅದು ಪದವಿಭಾಗವನ್ನು ಸೂಚಿಸುವ ಸ್ಥಳದಲ್ಲಿದ್ದುದರಿಂದ ಓದುವಾಗ ಒಂದು ಭಾಗವೇ ಹಾರಿಹೋಗುತ್ತದೆ. ಮೂರನೆಯದರಲ್ಲಿ ಮಾತೆಲ್ಲ ಇದ್ದ ಹಾಗೆಯೇ ಇದ್ದು, ಅದನ್ನು ಎಷ್ಟು ಗಟ್ಟಿಯಾಗಿ ಓದಬೇಕೆಂಬ ಸೂಚನೆ ಕೆಟ್ಟಿದೆ. ಆದೇಶ ಪಿಸುಮಾತಾಗಿ ಹೊರಟು ಯಾರಿಗೂ ಕೇಳಿಸದೆ ಹೋಗುತ್ತದೆ. ಮೂರು ತಪ್ಪುಗಳೆಂದ ಮೇಲೆ, ಉದುರದ ಜೋಳವನ್ನು ಮನುಷ್ಯನು ಕನಿಷ್ಠ ಮೂರು ಸಲ ಬೇರೆ ಬೇರೆಯಾಗಿ ಎತ್ತಿಕೊಂಡಿದ್ದಾನೆಂದು ಅರ್ಥ.

ಇಷ್ಟಕ್ಕೇ ನಿಂತಿದ್ದರೆ ಇದು ಜೋಳದ ಮನೆಯ ಮಾತಾಗುತ್ತಿದ್ದಿತು. ಅದೇ ಸಂಶೋಧಕರು ಅಕ್ಕಿಯನ್ನೂ ಮೆಕ್ಕೆಜೋಳವನ್ನೂ ತೆಗೆದು ನೋಡಿದಾಗ ಅಲ್ಲಿಯೂ ಇದೇ ವಂಶವಾಹಿಗೆ ಪೆಟ್ಟು ಬಿದ್ದುದಕ್ಕೆ ಕುರುಹುಗಳು ದೊರೆತುವು. ಮುಂದೆ ನವಣೆಯನ್ನು ಪರೀಕ್ಷಿಸಿದವರು ಅದೇ ಆದೇಶದ ನಡುವೆ ಎಲ್ಲಿಂದಲೋ ಬಂದು ಸೇರಿಕೊಂಡ ಒಂದು ಅಲೆಮಾರಿ ತುಣುಕನ್ನು ಕಂಡರು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಪ್ರಕ್ಷಿಪ್ತ. ಹೀಗೆ ನೆಗೆದಾಡುವ ತುಣುಕುಗಳಿವೆಯೆಂದು ಮೆಕ್ಕೆಜೋಳದ ಬಣ್ಣಬಣ್ಣದ ಕಾಳುಗಳನ್ನು ನೋಡಿ ಬಾರ್ಬರಾ ಮೆಕ್ಲಿಂಟಾಕ್ ಎಂಬ ವಿದುಷಿ 1950ರ ಸುಮಾರಿಗೆ ಹೇಳಿದಾಗ ನಂಬಿದವರು ಕಡಮೆ. 1983ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂದಿತು. ಕಾಳು ಉದುರುವುದಕ್ಕೆ ಈ ಒಂದೇ ವಂಶವಾಹಿ ಕಾರಣವೆಂದು ತಿಳಿಯಬಾರದು. ಬತ್ತದಲ್ಲಿ 2006ರಲ್ಲಿಯೇ ಬೇರೆ ಎರಡನ್ನು ಗುರುತಿಸಿದ್ದರು. ಆದರೂ ಚೀನಾದಲ್ಲಿ, ಆಫ್ರಿಕಾದಲ್ಲಿ, ಮೆಕ್ಸಿಕೋದಲ್ಲಿ, ಒಬ್ಬರ ಮುಖವನ್ನು ಒಬ್ಬರು ಕಾಣದ ಜನರ ಕೈಗಳು ತಮಗೆ ತಿಳಿಯದಂತೆಯೇ ಅದೊಂದೇ ಸಾಲಿನ ತಪ್ಪನ್ನು ಆರಿಸಿ ಕಾಪಾಡಿಕೊಂಡು ಬಂದುದು ಸಾಮಾನ್ಯ ಸಂಗತಿಯಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಕುಲದ ಹೆಮ್ಮೆಯಿಂದ ಜಗಳಕ್ಕೆ ನಿಂತ ವ್ರೀಹಿಯೂ ನರೆದಲಗನೂ ಕೋಟ್ಯಂತರ ವರ್ಷಗಳ ಹಿಂದೆ ಒಂದೇ ಹುಲ್ಲಿನ ಮನೆಯಲ್ಲಿ ಹುಟ್ಟಿದ ದಾಯಾದಿಗಳು.

ತಮಗೆ ತಿಳಿಯದಂತೆಯೇ ಎಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಡುಜೋಳದ ಬಯಲಿಗೆ ಹೆಂಗಸರು ಬುಟ್ಟಿ ಹಿಡಿದು ಹೋದರೆನ್ನೋಣ. ಬಲಿತ ಕಾಳು ಬಹುಪಾಲು ಆಗಲೇ ನೆಲದ ಪಾಲಾಗಿದೆ. ಸಾವಿರಾರು ಗಿಡಗಳಲ್ಲಿ ಒಂದೆರಡು ಗಿಡಗಳು ಮಾತ್ರ, ಲಿಪಿಯ ತಪ್ಪಿನ ಫಲವಾಗಿ, ಕಾಳನ್ನು ಹಿಡಿದುಕೊಂಡಿವೆ. ಕೊಯ್ದು ತಂದ ಹೊರೆಯಲ್ಲಿ ಸಹಜವಾಗಿಯೇ ಅವುಗಳ ಪಾಲು ಹೆಚ್ಚು. ಆ ಹೊರೆಯಿಂದಲೇ ಮುಂದಿನ ವರ್ಷದ ಬಿತ್ತನೆ. ಆರಿಸಬೇಕೆಂಬ ಸಂಕಲ್ಪವಿಲ್ಲದೆಯೇ ಆಯ್ಕೆ ನಡೆದುಹೋಗುತ್ತದೆ. ಡಾರ್ವಿನ್ ಇದಕ್ಕೆ ಅರಿವಿಲ್ಲದ ಆಯ್ಕೆಯೆಂದು ಕರೆದಿದ್ದನು. ಗಟ್ಟಿಯಾಗಿ ಆರಿಸಿದರೆ ಇನ್ನೂರು ವರ್ಷದೊಳಗೆ ಕಾಡುಬೆಳೆ ಊರಬೆಳೆಯಾಗಬಹುದೆಂದು 1990ರಲ್ಲಿ ಕೆಲವರು ಲೆಕ್ಕ ಹಾಕಿದ್ದರು. ನೆಲದಡಿಯ ಸಾಕ್ಷ್ಯ ಬೇರೆಯೇ ಹೇಳುತ್ತದೆ: ಎಷ್ಟೋ ಕಡೆ ಇದಕ್ಕೆ ಎರಡು ಮೂರು ಸಾವಿರ ವರ್ಷಗಳು ಹಿಡಿದಿವೆ. ಆ ಸಾಕ್ಷ್ಯವನ್ನು ಓದುವ ರೀತಿಯೂ ಸೊಗಸಾದುದು. ತಾನಾಗಿ ಕಳಚಿದ ಕಾಳಿನ ಬುಡದಲ್ಲಿ ಗಾಯ ನುಣುಪಾಗಿರುತ್ತದೆ. ಬಡಿದು ಬಿಡಿಸಿದ ಕಾಳಿನ ಬುಡ ಹರಿದು ಒರಟಾಗಿರುತ್ತದೆ. ಸುಡಾನ್ ದೇಶದ ಪೂರ್ವಭಾಗದಲ್ಲಿ ಕುಂಬಾರರು ಮಣ್ಣಿಗೆ ಹೊಟ್ಟು ಬೆರೆಸಿ ಮಾಡಿದ ಮಡಕೆಗಳ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಉಳಿದಿದೆ. ಕ್ರಿ.ಪೂ. 3500ರಿಂದ 3000ದವರೆಗಿನ ಆ ಚೂರುಗಳಲ್ಲಿ ನುಣುಪು ಗಾಯವೂ ಒರಟು ಗಾಯವೂ ಬೆರೆತಿವೆ. ಜೋಳ ಕಾಡನ್ನು ಬಿಡುತ್ತಿದ್ದ ಕಾಲ ಅದು. ಈ ಸಂಗತಿ ಹೊರಬಿದ್ದುದು 2017ರಲ್ಲಿ.

ಹಾಗಾದರೆ ಜೋಳ ನಮ್ಮದಲ್ಲವೆ ಎಂದು ನನ್ನ ವಿದ್ಯಾರ್ಥಿಗಳು ಬೇಸರಪಟ್ಟರು. ಅಲ್ಲ. ಸಜ್ಜೆಯೂ ಆಫ್ರಿಕಾದ ಪಶ್ಚಿಮಭಾಗದ್ದು. ರಾಗಿ ಅದರ ಪೂರ್ವದ ಎತ್ತರದ ನೆಲದ್ದು. ನವಣೆ ಉತ್ತರ ಚೀನಾದ ಕಡೆಯಿಂದ ಬಂದುದು. ಹಾಗಿದ್ದರೆ ಇವು ಬರುವ ಮುನ್ನ ಈ ಸೀಮೆಯ ಜನ ಏನನ್ನು ತಿನ್ನುತ್ತಿದ್ದರು? ಇದಕ್ಕೆ ಉತ್ತರ ಕೂಡ್ಲಿಗಿಯಿಂದ ಮೂಡಲಿಗೆ ಬಳ್ಳಾರಿಯ ಹತ್ತಿರ ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳಲ್ಲಿ ದೊರೆತಿದೆ. ರಾಬರ್ಟ್ ಬ್ರೂಸ್ ಫೂಟನು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲುಕೊಡಲಿಗಳನ್ನು ಆಯ್ದ ಗುಡ್ಡಗಳು ಅವು. ಬಂಡೆಗಳ ಮೇಲೆ ಕಾಳು ಅರೆದು ಅರೆದು ನುಣುಪಾದ ಕುಳಿಗಳು ಇಂದಿಗೂ ಇವೆ. ಹತ್ತಿರದ ಬೂದಿದಿಬ್ಬಗಳು ದನದ ದೊಡ್ಡಿಯ ಸಗಣಿಯನ್ನು ಸುಟ್ಟು ಆದುವೆಂದು ಆಲ್ಚಿನ್ನರು 1963ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯೆನ್ನುವುದು ಬೇರೆ ಮಾತು. ಡೋರಿಯನ್ ಫುಲ್ಲರ್ ಎಂಬ ಸಸ್ಯಪುರಾತತ್ತ್ವಜ್ಞರು ಈ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿದ ಕರಿಕಾಳುಗಳನ್ನು ಸೋಸಿ ನೋಡಿದಾಗ ಹುರುಳಿ, ಹೆಸರುಗಳ ಜೊತೆಯಲ್ಲಿ ಹೇರಳವಾಗಿ ಕಂಡುಬಂದುದು ಕೊರಲೆ ಮತ್ತು ನವಣೆಯ ಕಾಡು ಬಳಗಕ್ಕೆ ಸೇರಿದ, ಬಟ್ಟೆಗೆ ಅಂಟಿಕೊಳ್ಳುವ ತೆನೆಯ ಒಂದು ಹುಲ್ಲು. ಕ್ರಿ.ಪೂ. ಎರಡನೆಯ ಸಹಸ್ರಮಾನದ ಊಟ ಅದು. ಎರಡೂ ಈ ನೆಲದವೇ.

ಹಡಗಲಿಯ ಅಂಚನ್ನು ತೊಳೆದು ಹರಿಯುವ ತುಂಗಭದ್ರೆಯ ಮೇಲ್ದಂಡೆಯಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ಅದೇ ಸಹಸ್ರಮಾನದ ನಡುವಿಗೆ ಸಜ್ಜೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ಅಗೆತ ನಡೆಸಿದ ಎಂ.ಎಸ್. ನಾಗರಾಜರಾಯರ ಕಾಲದಲ್ಲಿ ರಾಗಿಯೆಂದು ಗುರುತಿಸಿದ್ದ ಕಾಳುಗಳ ವಿಷಯದಲ್ಲಿ ಈಚಿನವರು ಸಂಶಯ ಎತ್ತಿದ್ದಾರೆ. ಅಂತೂ ಹೊರಗಿನ ಧಾನ್ಯಗಳು ಬಂದುವು; ದಪ್ಪ ಕಾಳಿನ ಜೋಳದ ಮುಂದೆ ಸಣ್ಣ ಕಾಳಿನ ಕೊರಲೆ ನಿಲ್ಲಲಿಲ್ಲ. ಇಂದು ಅದನ್ನು ಬಿತ್ತುವವರು ಚಿತ್ರದುರ್ಗ, ತುಮಕೂರುಗಳ ಕಡೆ ಅಲ್ಲಲ್ಲಿ ಇದ್ದಾರೆ. ಒಂದು ಧಾನ್ಯ ಇನ್ನೊಂದನ್ನು ಹೊರದೂಡುವುದು ನಮ್ಮ ಕಾಲದಲ್ಲಿ ಆರಂಭವಾದ ಅನ್ಯಾಯವಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನ ಮಾತನ್ನು ಹೇಳಬೇಕು.

ನನ್ನ ಅಜ್ಜಿಯ ಊರು ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ. ಮನೆಗೆ ಸ್ವಲ್ಪ ಎರೆಹೊಲ, ಸ್ವಲ್ಪ ಮಸಾರಿ. ಎರೆಯಲ್ಲಿ ಹಿಂಗಾರಿನ ಬಿಳಿಜೋಳ. ಕತ್ತು ಬಾಗಿಸಿದ, ಮುಷ್ಟಿಯಂತೆ ಬಿಗಿದ ತೆನೆ. ಪಂಡಿತರು ಜೋಳದ ಐದು ಕುಲಗಳಲ್ಲಿ ‘ದುರ್ರಾ’ ಎಂದು ಕರೆಯುವ ಕುಲ. ತೆನೆ ಮುರಿದ ದಿನ, ಕಣಕ್ಕೆ ಹಾಕುವ ಮುನ್ನ, ಅಜ್ಜಿ ಗೂಡಿನ ಮುಂದೆ ಕುಳಿತು ಬೀಜಕ್ಕೆ ತೆನೆ ಆರಿಸುತ್ತಿದ್ದಳು. ಒಂದೊಂದನ್ನೂ ತಿರುಗಿಸಿ ನೋಡಿ, ಅಂಗೈಗೆ ಒಮ್ಮೆ ಬಡಿಯುವಳು. ನಾಲ್ಕು ಕಾಳು ಸಿಡಿದರೆ ಆ ತೆನೆ ರಾಶಿಗೆ ಹೋಯಿತು. “ಕೈ ಬಿಡೋ ತೆನಿ ಬೀಜಕ್ಕ ಬ್ಯಾಡ ತಮ್ಮಾ” ಎನ್ನುತ್ತಿದ್ದಳು. ಆರಿಸಿದ ತೆನೆಗಳನ್ನು ಬೂದಿ ಹಚ್ಚಿ, ಜೋಡಿಸಿ ಕಟ್ಟಿ ಒಲೆಯ ಮೇಲಿನ ಜಂತಿಗೆ ತೂಗುಹಾಕಿದರೆ ಹೊಗೆ ತಾಗಿ ಹುಳ ಹತ್ತುತ್ತಿರಲಿಲ್ಲ. ಸುಡಾನಿನ ಬಯಲಿನಲ್ಲಿ ಐದು ಸಾವಿರ ವರ್ಷಗಳ ಹಿಂದೆ ಅರಿವಿಲ್ಲದೆ ಆರಂಭವಾದ ಕೆಲಸವನ್ನು ಅವಳು ಅರಿತು ಮಾಡುತ್ತಿದ್ದಳೆಂದು ಈಗ ನನಗೆ ಅನಿಸುತ್ತದೆ. ಆಗ ನನಗೆ ಅನಿಸುತ್ತಿದ್ದುದು ಸೀತನಿ ಯಾವಾಗ ಸುಡುವರು ಎಂಬುದೊಂದೇ.

1964ರಲ್ಲಿ ಸಿ.ಎಸ್.ಎಚ್.-1 ಎಂಬ ಮೊದಲ ಸಂಕರ ಜೋಳ ಭಾರತದಲ್ಲಿ ಹೊರಬಂದಿತು. ಸಂಕರದ ಗುಟ್ಟು ಒಂದೇ ಮಾತಿನಲ್ಲಿ ಹೇಳಬಹುದಾದುದು. ಜೋಳದ ಹೂವು ತನ್ನಲ್ಲಿಯೇ ಪರಾಗವನ್ನು ಪಡೆಯುವಂಥದು. ಅದನ್ನು ಬೇರೊಂದರೊಡನೆ ಕೂಡಿಸುವುದು ಕಷ್ಟ. 1954ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಪರಾಗ ಬಂಜೆಯಾದ ಜೋಳವನ್ನು ಪಡೆಯುವ ಮಾರ್ಗ ಸಿಕ್ಕಿತು. ಅದನ್ನು ತಾಯಿಯಾಗಿಟ್ಟು, ಬೇರೊಂದು ತಳಿಯನ್ನು ತಂದೆಯಾಗಿ ಬೆಳೆಸಿದರೆ ಹುಟ್ಟುವ ಬೀಜ ಸೊಕ್ಕಿ ಬೆಳೆಯುತ್ತದೆ. ಆದರೆ ಆ ಬೆಳೆಯ ಕಾಳನ್ನು ಮರುವರ್ಷ ಬಿತ್ತಿದರೆ, ಮೆಂಡೆಲನ ನಿಯಮದಂತೆ, ಗುಣಗಳು ಚೆಲ್ಲಾಪಿಲ್ಲಿಯಾಗಿ ಒಂದೊಂದು ಗಿಡ ಒಂದೊಂದು ಪರಿಯಾಗುತ್ತದೆ. ಆದುದರಿಂದ ಪ್ರತಿ ವರ್ಷ ಬೀಜವನ್ನು ಅಂಗಡಿಯಿಂದಲೇ ತರಬೇಕು. ಜಂತಿಯ ಕೆಲಸ ಮುಗಿಯಿತು.

ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. 1965, 66ರ ಬರಗಾಲದಲ್ಲಿ ಹಡಗಿನಲ್ಲಿ ಬಂದ ಅಮೆರಿಕದ ಗೋಧಿಯನ್ನು ಕಾದು ನಿಂತ ಜನಕ್ಕೆ ಹೆಚ್ಚು ಬೆಳೆಯುವ ಬೀಜ ಬೇಕಾಗಿದ್ದಿತು. ಆದರೆ ಒಂದೇ ತಳಿ ಊರೂರಿಗೆ ಹರಡಿದರೆ ಒಂದೇ ರೋಗ ಊರೂರನ್ನೂ ಹಿಡಿಯಬಲ್ಲುದು. 1970ರ ದಶಕದಲ್ಲಿ ಸಂಕರ ಸಜ್ಜೆಗೆ ಎಲೆಯ ಮೇಲೆ ಬೂಜು ಕಟ್ಟುವ ರೋಗ ತಗುಲಿ ದೇಶದಲ್ಲಿ ಹೀಗೆಯೇ ಆಯಿತು.

ನಮ್ಮ ಸೀಮೆಯಲ್ಲಿ ಬಿಳಿಜೋಳವನ್ನು ಎಬ್ಬಿಸಿದುದು ಸಂಕರ ಜೋಳಕ್ಕಿಂತ ಹೆಚ್ಚಾಗಿ ಮೆಕ್ಕೆಜೋಳ. ಹೊಳೆಯಾಚೆಯವರು ಗೋವಿನಜೋಳವೆನ್ನುತ್ತಾರೆ. ಮಳೆಗಾಲದಲ್ಲಿ ಕೊಟ್ಟೂರಿನಿಂದ ಹರಪನಹಳ್ಳಿಯ ಬಸ್ಸು ಹತ್ತಿದರೆ ರಸ್ತೆಯ ಎರಡು ಬದಿಗೂ ಅದೇ. ಹಡಗಲಿಯ ಕಡೆ ಹೋದರೂ, ಹಗರಿಬೊಮ್ಮನಹಳ್ಳಿಯ ಕಡೆ ಹೋದರೂ ಅದೇ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆಗೆ ಸೇರಿ, 2018ರಲ್ಲಿ ಹಿಂದಿರುಗಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಅದರ ಹೊಲಗಳು ಮಾತ್ರ ಯಾವ ಆಜ್ಞೆಯೂ ಇಲ್ಲದೆ ಮೆಕ್ಸಿಕೋಗೆ ಸೇರಿಹೋದುವು. ದಕ್ಷಿಣ ಅಮೆರಿಕದ ಬೆಳೆಗಳು ನಮ್ಮ ಹೊಟ್ಟೆ ಸೇರಿದ ಕಥೆಯನ್ನು ಬಿ.ಜಿ.ಎಲ್. ಸ್ವಾಮಿಯವರು ಒಂದು ಪುಸ್ತಕದಲ್ಲಿಯೇ ಹೇಳಿದ್ದಾರೆ. ಈ ಮೆಕ್ಕೆಜೋಳವೋ ನಮ್ಮ ಹೊಟ್ಟೆಗಿಂತ ಕೋಳಿಗಳ ಹೊಟ್ಟೆಗೆ ಹೆಚ್ಚು ಹೋಗುತ್ತದೆ.

ಸುಮಾರು 9000 ವರ್ಷಗಳ ಹಿಂದೆ ಮೆಕ್ಸಿಕೋದ ಟಿಯೋಸಿಂಟೆ ಎಂಬ ಹುಲ್ಲಿನಿಂದ ಅದು ಹುಟ್ಟಿತು. ಆ ಹುಲ್ಲಿಗೆ ಪೊದೆಯಂತೆ ಕವಲು, ಒಂದೊಂದು ತೆನೆಗೆ ಕೆಲವೇ ಕಾಳು, ಪ್ರತಿ ಕಾಳಿಗೂ ಕಲ್ಲಿನಂಥ ಕವಚ. ಕವಲನ್ನು ಅಡಗಿಸಿ ಒಂಟಿ ದಂಟನ್ನಾಗಿಸಿದ ವಂಶವಾಹಿಯನ್ನು, ಕಾಳನ್ನು ಕವಚದಿಂದ ಹೊರತಂದ ಇನ್ನೊಂದನ್ನು ಜಾನ್ ಡೋಬ್ಲಿ ಮತ್ತು ಅವರ ಸಂಗಡಿಗರು ಗುರುತಿಸಿದ್ದಾರೆ. ತೆನೆಯನ್ನು ಬಿಡದ ಗುಣ ಇಲ್ಲಿ ಪರಾಕಾಷ್ಠೆಗೆ ಮುಟ್ಟಿದೆ. ಸಿಪ್ಪೆಯೊಳಗೆ ಬಿಗಿದು ಕುಳಿತ ನೂರಾರು ಕಾಳು. ತೆನೆ ನೆಲಕ್ಕೆ ಬಿದ್ದರೂ ಎಲ್ಲವೂ ಒಟ್ಟಿಗೆ ಮೊಳೆತು ಒಂದನ್ನೊಂದು ಕೊಲ್ಲುತ್ತವೆ. ಮನುಷ್ಯನ ಕೈ ಇಲ್ಲದೆ ಅದರ ವಂಶ ಉಳಿಯದು. ನನ್ನ ವಿದ್ಯಾರ್ಥಿನಿ ಕೇಳಿದ ಋಣ ಇದೇ. ಆದರೆ ಅದು ಒಮ್ಮೆ ಕೊಟ್ಟು ತೀರಿಸುವ ಋಣವಲ್ಲ. ಪ್ರತಿ ವರ್ಷ ಒಂದು ಕೈ ಬೀಜವನ್ನು ತೆಗೆದಿಡಬೇಕು. ಒಂದೇ ಒಂದು ವರ್ಷ ಆ ಕೈ ತಪ್ಪಿದರೆ ಹಿಂದಿನ ಸಾವಿರ ವರ್ಷಗಳ ಓಲೆಯೂ ಅಲ್ಲಿಗೆ ಮುಗಿಯಿತು.

ಹಾಗೆ ತಪ್ಪಿದ ಕೈ ನನ್ನದು. ಅಜ್ಜಿ ತೀರಿಕೊಂಡ ಮೇಲೆಯೂ ಎರಡು ಮೂರು ವರ್ಷ ಅವ್ವ ಮನೆಯ ಬಿಳಿಜೋಳದ ಬೀಜವನ್ನು ಒಂದು ಗಂಟಿನಲ್ಲಿ ಕಟ್ಟಿಟ್ಟಿದ್ದಳು. ಹೊಲವೆಲ್ಲ ಮೆಕ್ಕೆಜೋಳವಾಗಿದ್ದಿತು. ನಾನು ಪದವಿ ತರಗತಿಯಲ್ಲಿ ಓದುತ್ತಿದ್ದೆ. ರಜೆಗೆ ಊರಿಗೆ ಬಂದ ದಿನ ಮನೆಯಲ್ಲಿ ರೊಟ್ಟಿಗೆ ಹಿಟ್ಟಿರಲಿಲ್ಲ, ಅವ್ವ ಕೂಲಿಯವರ ಜೊತೆ ಹೊಲದಲ್ಲಿದ್ದಳು. ಉಪಕಾರ ಮಾಡುವ ಉತ್ಸಾಹದಿಂದ ಗಂಟನ್ನು ಇಳಿಸಿ ಗಿರಣಿಗೆ ಒಯ್ದೆ. ಸಂಜೆ ಅವ್ವ ಹಿಟ್ಟನ್ನು ಮುಟ್ಟಿ ನೋಡಿ ಜಂತಿಯ ಕಡೆ ನೋಡಿದಳು. ಏನೂ ಅನ್ನಲಿಲ್ಲ. ರೊಟ್ಟಿ ತಟ್ಟಿದಳು. ಒಳ್ಳೆಯ ರೊಟ್ಟಿ, ನಾನು ಮೂರು ತಿಂದೆನೆಂದು ನೆನಪು.

ಬೆಳೆಗಳ ತವರುಗಳನ್ನು ಹುಡುಕುತ್ತ ಲೋಕವನ್ನೇ ಸುತ್ತಿದ ರಷ್ಯದ ನಿಕೊಲಾಯ್ ವಾವಿಲೋವ್ ಎಂಬ ಮಹಾವಿಜ್ಞಾನಿ 1920ರಲ್ಲಿಯೇ ಒಂದು ನಿಯಮವನ್ನು ಹೇಳಿದ್ದನು: ಬಳಗದ ಗಿಡಗಳಲ್ಲಿ ಮಾರ್ಪಾಡುಗಳೂ ಸಮಾನವಾಗಿ ಬರುತ್ತವೆ. ಅಕ್ಕಿ, ಜೋಳ, ನವಣೆಗಳಲ್ಲಿ ಒಂದೇ ವಂಶವಾಹಿ ಕೆಟ್ಟಿರುವುದು ಆ ಮಾತಿಗೆ ದೊರೆತ ಒಪ್ಪಿಗೆಯಂತಿದೆ. ಅವನು ಲೆನಿನ್‌ಗ್ರಾಡಿನಲ್ಲಿ ಲೋಕದ ಬೀಜಗಳನ್ನೆಲ್ಲ ಕೂಡಿಡಿಸಿದ್ದನು. ಮೆಂಡೆಲನ ಶಾಸ್ತ್ರವನ್ನು ಬಿಟ್ಟುಕೊಡದ ತಪ್ಪಿಗೆ ಸರ್ಕಾರದ ಅವಕೃಪೆಗೆ ಪಾತ್ರನಾಗಿ, 1943ರಲ್ಲಿ ಸರಾತೊವ್ ಸೆರೆಮನೆಯಲ್ಲಿ ಸತ್ತನು. ಅದಕ್ಕೂ ಮುನ್ನ 1941ರಲ್ಲಿ ಶತ್ರುಸೈನ್ಯ ಲೆನಿನ್‌ಗ್ರಾಡನ್ನು ಮುತ್ತಿದ್ದಿತು, ಊರಿನಲ್ಲಿ ಅನ್ನವಿಲ್ಲ. ಬೀಜಭಂಡಾರವನ್ನು ಕಾಯುತ್ತಿದ್ದ ಅವನ ಸಹೋದ್ಯೋಗಿಗಳಲ್ಲಿ ಹಲವರು ಅಕ್ಕಿ, ಓಟ್ಸ್‌ಗಳ ಪೊಟ್ಟಣಗಳ ನಡುವೆಯೇ, ಒಂದು ಕಾಳನ್ನೂ ಬಾಯಿಗೆ ಹಾಕದೆ, ಹಸಿವಿನಿಂದ ಪ್ರಾಣಬಿಟ್ಟರು. ಇದನ್ನು ಮೊದಲು ಓದಿದ ರಾತ್ರಿ ನನಗೆ ಆ ಗಿರಣಿಯ ಸದ್ದು ಕೇಳಿಸಿತು.

ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ತಂಪುಕೋಣೆಗಳಲ್ಲಿ ಜೋಳದ 40 ಸಾವಿರಕ್ಕೂ ಮಿಕ್ಕ ಮಾದರಿಗಳಿವೆ. ಒಂದೊಂದಕ್ಕೂ ಐ.ಎಸ್. ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ, ಹಸ್ತಪ್ರತಿ ಭಂಡಾರದಲ್ಲಿ ಓಲೆಯ ಕಟ್ಟಿಗೆ ಸಂಖ್ಯೆ ಬರೆದಂತೆ. ನಮ್ಮ ಮನೆಯ ಜೋಳ ಅಲ್ಲಿದ್ದರೂ ಯಾವ ಸಂಖ್ಯೆಯ ಹಿಂದೆ ಇದೆಯೆಂದು ಕೇಳುವುದು ಹೇಗೆ? ಅದಕ್ಕೆ ‘ಮನೆಯ ಬಿಳಿಜೋಳ’ ಎಂಬುದಕ್ಕಿಂತ ಬೇರೆ ಹೆಸರಿರಲಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಭಾಷಣಗಳಾದುವು; ನಾನೂ ಒಂದು ಮಾಡಿದೆ. ಕಿಟಕಿಯಾಚೆ ಮೆಕ್ಕೆಜೋಳ ತಲೆದೂಗುತ್ತಿದ್ದಿತು.

ಪ್ರಶ್ನೆ ಕೇಳಿದ ಹುಡುಗಿ ಒಂದು ದಿನ ಜೋಳದ ತೆನೆಯೊಂದನ್ನು ಪತ್ರಿಕೆಯಲ್ಲಿ ಸುತ್ತಿ ತಂದಳು. ಅವಳ ಅಜ್ಜಿ ರೊಟ್ಟಿಯ ರುಚಿಗಾಗಿ, ದನಗಳಿಗೆ ಸೊಪ್ಪೆಯಾಗಲೆಂದು, ಹೊಲದ ಒಂದು ಮಗ್ಗುಲಲ್ಲಿ ಇನ್ನೂ ಬಿತ್ತುತ್ತಾಳಂತೆ. ಸಸ್ಯಶಾಸ್ತ್ರದವರಿಂದ ಮಸೂರವನ್ನು ಎರವಲು ಪಡೆದು, ತರಗತಿಯಲ್ಲಿಯೇ ತೆನೆಯನ್ನು ತಿಕ್ಕಿ, ಕಳಚಿದ ಕಾಳಿನ ಬುಡದ ಗಾಯವನ್ನು ಒಬ್ಬೊಬ್ಬರಿಗೂ ತೋರಿಸಿದೆ. ಹರಿದು ಒರಟಾಗಿದ್ದಿತು. ಪಂಪನ ಪಾಠ ಆ ದಿನ ಮುಂದುವರಿಯಲಿಲ್ಲ.

ಒಂದು ಭಾನುವಾರ ಆ ಊರಿಗೆ ಹೋದೆ. ಕೂಡ್ಲಿಗಿಯ ಕೆಂಪು ನೆಲ, ಬಂಡೆಗಲ್ಲು, ಹುಣಿಸೆಮರ. ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮೇಷ್ಟ್ರಿಗೆ ಹೊಲ ಐತೇನು?” ಎಂದಳು. ನನಗಿಲ್ಲ, ಅಣ್ಣನಿಗಿದೆ ಎಂದೆ. ಒಂದು ಪಾವು ಬೀಜ ಅಳೆದು ಕೊಟ್ಟಳು. ದುಡ್ಡು ಕೊಡಹೋದರೆ ಕೈ ಹಿಂದೆ ತೆಗೆದು, “ಬೀಜಕ್ಕ ರೊಕ್ಕ ತಗಳ್ಳಲ್ಲ. ಬೆಳದ ಮ್ಯಾಲೆ ಒಂದಕ್ಕ ಒಂದೂವರೆ ವಾಪಸ್ ತಂದುಕೊಡ್ರಿ” ಎಂದಳು.

ಇದು ನನ್ನ ಅಜ್ಜಿಯ ಜೋಳವಲ್ಲ. ಕಾಳಿನ ಬಣ್ಣ ಸ್ವಲ್ಪ ಹಳದಿ, ತೆನೆಯ ಬಿಗಿ ಕಡಮೆ. ಹಸ್ತ ಮಳೆಗೆ ಅಣ್ಣನು ಎರೆಹೊಲದಲ್ಲಿ ನಾಲ್ಕು ಸಾಲು ಬಿಟ್ಟುಕೊಟ್ಟನು, ಕನ್ನಡ ಎಂ.ಎ. ಓದಿದವನ ಬೇಸಾಯವೆಂದು ಊರಿನವರ ಮುಂದೆ ನಕ್ಕದ್ದೂ ಉಂಟು. ಈಗ ತೆನೆ ಹಾಲು ತುಂಬಿವೆ. ಸುತ್ತ ಬೇರೆಲ್ಲಿಯೂ ಜೋಳವಿಲ್ಲದ್ದರಿಂದ ಹಕ್ಕಿಗಳೆಲ್ಲ ಈ ನಾಲ್ಕು ಸಾಲಿಗೇ ಬರುತ್ತಿವೆಯೆಂದು ಅಣ್ಣ ದಿನವೂ ದೂರುತ್ತಾನೆ. ಅವ್ವ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಕವಣೆ ಹಿಡಿದು ಅಲ್ಲಿಯೇ ಕುಳಿತಿರುತ್ತಾಳೆ. ಯುಗಾದಿಗೆ ಮೊದಲು ಒಂದೂವರೆ ಪಾವು ಅಳೆದುಕೊಂಡು ನಾನು ಕೂಡ್ಲಿಗಿಯ ಬಸ್ಸು ಹತ್ತಬೇಕು.